ಮಳೆಗೆ ಮುಂಚೆ ತಗ್ಗು ತೋಡಿದವರು

ಓದತಕ್ಕ ಭಾಗ: ಅರಸುಗಳ ಎರಡನೆಯ ಗ್ರಂಥ, 3ನೆಯ ಅಧ್ಯಾಯ, 9ರಿಂದ 20ರ ವರೆಗಿನ ವಚನಗಳು.



ಮೇಲೆ ಸೂಚಿಸಿದ ವೇದಭಾಗವನ್ನು ಮೊದಲು ಮನೆಯವರೆಲ್ಲರೂ ಕೂಡಿ ಓದಿಕೊಳ್ಳಿರಿ. ಓದು ಬಾರದವರಿಗೆ ಓದಬಲ್ಲವರು ನಿಧಾನವಾಗಿ ಓದಿ ಹೇಳಲಿ. ಯಾಕಂದರೆ ಇದು ನೀರಿಲ್ಲದೆ ಬಾಯಾರಿದ ಜನರ ಕಥೆಯಾಗಿದೆ; ಬಾಯಾರಿಕೆ ಎಂಥಾದ್ದೆಂದು ಹಳ್ಳಿಯವರಾದ ನಮಗೆ ಯಾರೂ ವಿವರಿಸಿ ಹೇಳಬೇಕಾದದ್ದಿಲ್ಲ. ಬೇಸಗೆಯಲ್ಲಿ ಬಾವಿಯ ತಳ ಕಂಡಾಗ ನಮ್ಮ ಸ್ತ್ರೀಯರ ಮುಖ ಹೇಗೆ ಬಾಡುತ್ತದೆಂದು ನಾವೇ ಬಲ್ಲೆವು.

ಇಸ್ರಾಯೇಲಿನ ಅರಸನೂ ಯೆಹೂದದ ಅರಸನೂ ಎದೋಮಿನ ಅರಸನೂ ಒಟ್ಟುಗೂಡಿ ಮೋವಾಬಿನ ಮೇಲೆ ದಂಡೆತ್ತಿ ಹೋದರು. ಏಳು ದಿನಗಳ ಪ್ರಯಾಣವಾದ ಮೇಲೆ ದಂಡಿಗೂ ದಂಡಿನ ಸಂಗಡ ಇದ್ದ ಪಶುಗಳಿಗೂ ನೀರಿಲ್ಲದೆ ಹೋಯಿತು. ಒಬ್ಬ ಅರಸನು ದೇವರ ಮೇಲೆ ಗೊಣಗಿದನು. ಇನ್ನೊಬ್ಬನು ದೇವರ ಮಾತನ್ನು ತಿಳಿಸಬಲ್ಲ ಪ್ರವಾದಿ ಯಾರಾದರೂ ಇದ್ದಾನೋ ಎಂದು ವಿಚಾರಿಸಿದನು. ಆಗ ಎಲೀಷನು ಅವರಿಗೆ ಕೊಟ್ಟ ಅಪ್ಪಣೆಯನ್ನು ಗಮನಿಸಿರಿ. ಮಳೆಗಾಗಿ ಮುಗಿಲನ್ನು ನೋಡಿರೆಂದು ಅವನು ಹೇಳಲಿಲ್ಲ. ಒಣಗಿದ ಕಣಿವೆಯ ತುಂಬ ತಗ್ಗುಗಳನ್ನು ತೋಡಬೇಕೆಂದನು. ಗಾಳಿಯೂ ಕಾಣದು, ಮಳೆಯೂ ಕಾಣದು, ಆದರೂ ಕಣಿವೆಯು ತುಂಬುವದು ಎಂದು ತಿಳಿಸಿದನು. ಮರುದಿನ ಬೆಳಿಗ್ಗೆ ಎದೋಮಿನ ದಿಕ್ಕಿನಿಂದ ನೀರು ಹರಿದು ಬಂತು.

ಈ ಕಥೆಯೊಳಗೆ ಮೂರು ಸಂಗತಿಗಳು ಅಡಗಿವೆ. ನೀರು ಬರುವದಕ್ಕೆ ಮುಂಚೆಯೇ ಕೈಗಳು ಮಣ್ಣಿಗಿಳಿದವು, ಇದು ಒಂದನೆಯದು. ನೀರು ಅವರು ನಿಂತ ಸ್ಥಳದಲ್ಲಿ ಹುಟ್ಟದೆ ದೂರದ ಮೇಲುನಾಡಿನಿಂದ ಇಳಿದು ಬಂತು, ಇದು ಎರಡನೆಯದು. ಬಂದ ನೀರು ಅರಸರಿಗೆ ಮಾತ್ರವಲ್ಲ, ಆಳುಗಳಿಗೂ ದನಗಳಿಗೂ ಇತರ ಪಶುಗಳಿಗೂ ಎಂದು ಹೇಳಲ್ಪಟ್ಟಿತು, ಇದು ಮೂರನೆಯದು. ನಮ್ಮ ಕಾಲದಲ್ಲಿ ನಮ್ಮ ದೇಶದಲ್ಲಿಯೇ ಈ ಮೂರು ಸಂಗತಿಗಳನ್ನು ತಮ್ಮ ಕೈಕೆಲಸದಿಂದ ತೋರಿಸಿಕೊಟ್ಟ ಕೆಲವು ಜನರುಂಟು. ಅವರು ರಾಜಸ್ಥಾನದ ಅಲ್ವಾರ್ ಜಿಲ್ಲೆಯವರು. ಅವರೊಡನೆ ಕೆಲಸ ಮಾಡಿದ ಸಂಸ್ಥೆಗೆ ತರುಣ ಭಾರತ ಸಂಘವೆಂದು ಹೆಸರು. ಅವರೊಳಗೆ ಹೆಚ್ಚಿನವರು ನಮ್ಮ ಸಭೆಗೆ ಸೇರಿದವರಲ್ಲ. ಆದರೇನು? ಎಲೀಷನ ದಿನದಲ್ಲಿಯೂ ನೀರು ಇಸ್ರಾಯೇಲಿನ ಕಡೆಯಿಂದ ಬರಲಿಲ್ಲ, ಎದೋಮಿನ ಕಡೆಯಿಂದ ಬಂತು. ದೇವರು ಒಳ್ಳೆಯ ಪಾಠವನ್ನು ಯಾವ ದಿಕ್ಕಿನಿಂದ ಕಳುಹಿಸಿದರೂ ಅದಕ್ಕೆ ತಗ್ಗು ತೋಡಿ ಹಿಡಿದುಕೊಳ್ಳುವದು ನಮ್ಮ ಕೆಲಸ.

ಮೊದಲನೆಯದಾಗಿ, ಕೊಡಲು ಬಂದವರು ಕೇಳಲು ಕಲಿತದ್ದನ್ನು ನೋಡೋಣ.

ತರುಣ ಭಾರತ ಸಂಘವು 1975ರಲ್ಲಿ ಜಯಪುರ ಪಟ್ಟಣದಲ್ಲಿ ಹುಟ್ಟಿತು. ಆಗ ಅದಕ್ಕೆ ಹೊಳೆಯ ಚಿಂತೆಯೂ ಕೆರೆಯ ಚಿಂತೆಯೂ ಇರಲಿಲ್ಲ. ಮುಂದೆ ಅದರ ಕಾರ್ಯದರ್ಶಿಯಾದ ರಾಜೇಂದ್ರ ಸಿಂಗರು ಆಯುರ್ವೇದ ವೈದ್ಯವನ್ನು ಕಲಿತವರು, ಸರ್ಕಾರದ ಉದ್ಯೋಗದಲ್ಲಿದ್ದವರು. ಆ ಉದ್ಯೋಗವನ್ನು ಬಿಟ್ಟು, ಮನೆಯ ಸಾಮಾನುಗಳನ್ನು ಮಾರಿ, ನಾಲ್ಕು ಮಂದಿ ಸ್ನೇಹಿತರೊಂದಿಗೆ ಬಸ್ಸು ಹತ್ತಿ, 1985ನೇ ಇಸವಿ ಅಕ್ಟೋಬರ್ ತಿಂಗಳಲ್ಲಿ ಅಲ್ವಾರ್ ಜಿಲ್ಲೆಯ ಥಾನಾಗಾಜಿ ತಾಲೂಕಿಗೆ ಬಂದರು. ಊರವರು ಮೊದಲು ಅವರನ್ನು ಸಂಶಯದಿಂದ ನೋಡಿದರು. ಗೊತ್ತುಗುರಿಯಿಲ್ಲದ ಐವರು ಯೌವನಸ್ಥರು ರಾತ್ರಿಯಲ್ಲಿ ಊರಿಗೆ ಬಂದಿಳಿದರೆ ಯಾರಿಗೆ ತಾನೇ ಭಯವಾಗದು? ಕಡೆಗೆ ಭೀಕಂಪುರದವರು ಅವರಿಗೆ ತಂಗಲು ಸ್ಥಳ ಕೊಟ್ಟರು.

ಆ ಸೀಮೆಯಲ್ಲಿ ಇರುಳುಗುರುಡು ಬಹಳವಾಗಿತ್ತು, ಮಕ್ಕಳಿಗೆ ಪಾಠವಿರಲಿಲ್ಲ. ಆದದರಿಂದ ಬಂದವರು ಔಷಧ ಕೊಡುವದಕ್ಕೂ ಪಾಠ ಹೇಳುವದಕ್ಕೂ ತೊಡಗಿದರು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಗೋಪಾಲಪುರವೆಂಬ ಹತ್ತಿರದ ಊರಿನಲ್ಲಿ ಮಾಂಗು ಎಂಬ ಹಿರಿಯರು ಅವರಿಗೆ ಬೇರೆ ಮಾತು ಹೇಳಿದರು. ನಮಗೆ ನಿಮ್ಮ ಔಷಧವೂ ಬೇಡ, ಪಾಠಶಾಲೆಯೂ ಬೇಡ, ಮೊದಲು ನೀರು ಬೇಕು. ಮಾತಾಡುವದನ್ನು ಬಿಟ್ಟು ಗುದ್ದಲಿ ಹಿಡಿದು ಊರ ಹಳೆಯ ಜೋಹಡನ್ನು ತೋಡಿರಿ ಎಂಬದೇ ಅವರ ಮಾತಿನ ತಾತ್ಪರ್ಯವಾಗಿತ್ತು.

ಜೋಹಡ್ ಎಂಬದು ಏನೆಂದರೆ, ನಮ್ಮ ಕಡೆಯ ಕಟ್ಟೆಯಂಥಾದ್ದೇ. ಇಳಿಜಾರಾದ ನೆಲದಲ್ಲಿ ಮಳೆಯ ನೀರು ಹರಿದು ಹೋಗುವ ಕಡೆ ಅರ್ಧಚಂದ್ರಾಕಾರವಾಗಿ ಮಣ್ಣಿನ ಏರಿ ಹಾಕುತ್ತಾರೆ. ಮೂರು ಕಡೆ ನೆಲವೇ ಎತ್ತರವಾಗಿದ್ದು ನಾಲ್ಕನೆಯ ಕಡೆಯಲ್ಲಿ ಏರಿಯು ನೀರನ್ನು ತಡೆಯುತ್ತದೆ. ಅದಕ್ಕೆ ಬೇಕಾದದ್ದು ಮಣ್ಣು, ಕಲ್ಲು, ಜನರ ಬೆವರು, ಮತ್ತು ನೀರಿನ ದಾರಿಯನ್ನು ಬಲ್ಲ ಹಿರಿಯರ ಕಣ್ಣು. ಅಲ್ವಾರದ ಪೂರ್ವಿಕರು ಇಂಥಾ ಕಟ್ಟೆಗಳನ್ನು ಊರೂರಿಗೆ ಕಟ್ಟಿದ್ದರು. ಕಾಲಾನಂತರದಲ್ಲಿ ಅವು ಹೂಳು ತುಂಬಿ, ಏರಿಯೊಡೆದು, ಮೇಕೆ ಮೇಯುವ ಬಯಲುಗಳಾಗಿದ್ದವು.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಕಲಿತ ಮನುಷ್ಯನಿಗೆ ಬಹು ಕಷ್ಟವಾದ ಕೆಲಸ ಯಾವದು? ಕಲಿಯದವನ ಬಾಯಿಂದ ಪಾಠ ಕೇಳುವದು. ಅವರು ಸ್ವಂತ ಜಾಣತನವನ್ನೇ ಹಿಡಿದು ನಿಂತಿದ್ದರೆ ಅಲ್ವಾರದ ಹೊಳೆಗಳ ಕಥೆಯೇ ಇರುತ್ತಿರಲಿಲ್ಲ. ಅವರು ಹಿರಿಯರ ಮಾತಿಗೆ ತಲೆಬಾಗಿ ಮಣ್ಣಿಗಿಳಿದರು. ಎಲೀಷನು ಪ್ರವಾದಿಯಾಗುವದಕ್ಕೆ ಮುಂಚೆ ಎಲೀಯನ ಕೈಗೆ ನೀರು ಹೊಯ್ಯುವ ಸೇವಕನಾಗಿದ್ದನೆಂಬದನ್ನು ನೆನಪು ಮಾಡಿಕೊಳ್ಳಿರಿ. ಸೇವಕನಾಗಿ ನೀರು ಹೊಯ್ಯಬಲ್ಲವನೇ ನೀರಿಲ್ಲದವರಿಗೆ ದಾರಿ ತೋರಿಸಬಲ್ಲನು.

ಅವರು ತೋಡಿದ್ದು ಬರಗಾಲದ ವರ್ಷಗಳಲ್ಲಿ. ಮುಗಿಲಲ್ಲಿ ಮೋಡವಿಲ್ಲದಾಗ ಕಟ್ಟೆಯ ಹೂಳೆತ್ತುವವನನ್ನು ನೋಡಿ ದಾರಿಹೋಕನು ನಗುತ್ತಾನೆ. ಆದರೆ ಮಳೆ ಬಂದ ಮೇಲೆ ತೋಡಲಾಗದು. ಆಗ ಹರಿದುಹೋದ ನೀರನ್ನು ನೋಡುತ್ತಾ ನಿಲ್ಲಬಹುದು, ಅಷ್ಟೇ. ಆ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಅದರಲ್ಲಿ ಹೆಚ್ಚಿನ ಪಾಲು ಜುಲೈಯಿಂದ ಸೆಪ್ಟೆಂಬರಿನ ಒಳಗೆ, ಬೆರಳೆಣಿಕೆಯ ದಿನಗಳಲ್ಲಿ ರಭಸವಾಗಿ ಬಿದ್ದುಹೋಗುತ್ತದೆ. ಸಿದ್ಧವಾಗಿದ್ದವರಿಗೆ ಅದು ವರ್ಷದ ನೀರು. ಸಿದ್ಧವಾಗಿಲ್ಲದವರಿಗೆ ಅದು ಹೊಲದ ಮಣ್ಣನ್ನು ಕೊಚ್ಚಿಕೊಂಡು ಹೋಗುವ ಪ್ರವಾಹ. ಗೋಪಾಲಪುರದವರು ಸಿದ್ಧವಾಗಿದ್ದರು. ಮಳೆ ಬಿತ್ತು, ಕಟ್ಟೆ ತುಂಬಿತು, ಕಟ್ಟೆಯ ಕೆಳಗಣ ಬಾವಿಗಳಲ್ಲಿ ಬಹುಕಾಲ ಕಾಣದ ನೀರು ಕಾಣಿಸಿತು. ಒಂದೂರಿನ ಬಾವಿಯಲ್ಲಿ ನೀರು ಬಂದರೆ ಅದಕ್ಕೆ ಡಂಗುರ ಬೇಕಿಲ್ಲ. ಬಿಂದಿಗೆ ಹೊತ್ತ ಸ್ತ್ರೀಯರೇ ಆ ಸುದ್ದಿಯನ್ನು ತವರಿಗೂ ನೆಂಟರ ಊರಿಗೂ ಮುಟ್ಟಿಸುತ್ತಾರೆ. ಸಂಘದವರೂ ಊರಿಂದೂರಿಗೆ ಕಾಲ್ನಡಿಗೆಯಲ್ಲಿ ಹೋಗಿ ಜನರನ್ನು ಎಚ್ಚರಿಸಿದರು.

ಎರಡನೆಯದಾಗಿ, ಹೊಳೆಯು ಹೊಳೆಯಲ್ಲಿ ಹುಟ್ಟುವದಿಲ್ಲ ಎಂಬದನ್ನು ತಿಳಿಯೋಣ.

ನಾವು ಹೊಳೆ ಎನ್ನುವಾಗ ಎರಡು ದಡಗಳ ನಡುವಿನ ನೀರನ್ನು ಮಾತ್ರ ನೆನಸುತ್ತೇವೆ. ಆದರೆ ಯಾವ ಬೆಟ್ಟದ ನೆತ್ತಿಯಿಂದ, ಯಾವ ಕಾಡಿನಿಂದ, ಯಾರ ಯಾರ ಹೊಲಗಳಿಂದ ಮಳೆಯ ನೀರು ಇಳಿದು ಒಂದು ಹೊಳೆಗೆ ಸೇರುತ್ತದೋ ಆ ನೆಲವೆಲ್ಲಾ ಆ ಹೊಳೆಯ ಒಡಲೇ. ಇದನ್ನು ತಿಳಿದವರು ಜಲಾನಯನ ಪ್ರದೇಶವೆನ್ನುತ್ತಾರೆ. ಆ ನೆಲವು ಹಸುರಾಗಿ ಮೆತ್ತಗಿದ್ದರೆ ಮಳೆಯ ನೀರು ಒಳಗಿಳಿದು, ತಿಂಗಳಾನುಗಟ್ಟಲೆ ಮೆಲ್ಲನೆ ಜಿನುಗಿ, ಬೇಸಗೆಯಲ್ಲಿಯೂ ಹೊಳೆಗೆ ಸೆಲೆಯಾಗಿ ಬರುತ್ತದೆ. ಆ ನೆಲವು ಬೋಳಾಗಿ ಗಟ್ಟಿಯಾದರೆ ಮಳೆಯ ದಿನ ಕೆಂಪು ನೀರು ಹರಿದು, ಮಳೆ ನಿಂತ ಮೇಲೆ ಮರಳು ಮಾತ್ರ ಉಳಿಯುತ್ತದೆ.

ಅಲ್ವಾರದಲ್ಲಿ ಆದದ್ದು ಇದೇ. ಅಲ್ಲಿಯ ಅರಾವಳಿ ಬೆಟ್ಟಗಳ ಕಾಡು ಸ್ವಾತಂತ್ರ್ಯಕ್ಕೆ ಮುಂಚಿನ ದಶಕಗಳಲ್ಲಿಯೇ ಬಹಳವಾಗಿ ಕಡಿಯಲ್ಪಟ್ಟಿತು. ಬೋಳು ಬೆಟ್ಟದ ಮಣ್ಣು ಕೊಚ್ಚಿ ಬಂದು ಕಟ್ಟೆಗಳನ್ನು ತುಂಬಿತು. ಅರ್ವರಿ ಎಂಬ ಹೊಳೆ ಮಳೆಗಾಲದ ಹಳ್ಳವಾಯಿತು. ಬಾವಿಗಳು ಬತ್ತಿದವು. ಸರ್ಕಾರದ ಅಂತರ್ಜಲ ಇಲಾಖೆಯವರು ಥಾನಾಗಾಜಿಯ ಸೀಮೆಯನ್ನು ನೆಲದ ನೀರು ತೀರಿಹೋದ ಕಪ್ಪು ವಲಯವೆಂದು ಗುರುತು ಮಾಡಿದರು. ಗಂಡಸರು ಕೂಲಿಗಾಗಿ ದಿಲ್ಲಿ, ಅಹಮದಾಬಾದುಗಳ ಕಡೆಗೆ ಹೋದರು. ಊರಲ್ಲಿ ಉಳಿದ ಸ್ತ್ರೀಯರ ಹೊತ್ತೆಲ್ಲಾ ದೂರದಿಂದ ನೀರು ತರುವದರಲ್ಲಿಯೇ ಕಳೆಯಿತು.

ನಮ್ಮ ವೇದಭಾಗವನ್ನು ಇನ್ನೂ ಮುಂದಕ್ಕೆ, 25ನೆಯ ವಚನದ ವರೆಗೆ ಓದಿದರೆ ನಡುಗುವಂಥಾ ಮಾತೊಂದನ್ನು ಕಾಣುವಿರಿ. ಆ ಯುದ್ಧದಲ್ಲಿ ದಂಡಿನವರು ಮೋವಾಬಿನ ಒರತೆಗಳನ್ನು ಮುಚ್ಚಿ, ಒಳ್ಳೆಯ ಮರಗಳನ್ನು ಕಡಿದು, ಬೆಳೆಯುವ ಹೊಲಗಳಲ್ಲಿ ಕಲ್ಲು ತುಂಬಿದರು. ಒಂದು ದೇಶವನ್ನು ಹಾಳುಮಾಡಬೇಕಾದರೆ ವೈರಿಯು ಮಾಡುವ ಕೆಲಸ ಇದೇ. ಆದರೆ ಅಲ್ವಾರಕ್ಕೆ ಯಾವ ವೈರಿಯೂ ದಂಡೆತ್ತಿ ಬರಲಿಲ್ಲ. ಲಾಭದ ಆಸೆಯು ಮರಗಳನ್ನು ಕಡಿಯಿತು. ನಮಗೇಕೆ ಎಂಬ ಉದಾಸೀನವು ಒರತೆಗಳನ್ನು ಮುಚ್ಚಿತು. ಯುದ್ಧಕಾಲದಲ್ಲಿ ವೈರಿಯು ಮಾಡುವದನ್ನು ಸಮಾಧಾನಕಾಲದಲ್ಲಿ ಮನುಷ್ಯನು ತನಗೆ ತಾನೇ ಮಾಡಿಕೊಂಡನು. ಸಹೋದರರೇ, ನಮ್ಮ ಸೀಮೆಯಲ್ಲಿ ಹಾಗಾಗಿಲ್ಲವೆಂದು ನಾವು ಎದೆ ಮುಟ್ಟಿ ಹೇಳಬಲ್ಲೆವೋ?

ಈಗ ತಿದ್ದುಪಡಿಯ ಕೆಲಸವನ್ನು ನೋಡಿರಿ. ಅರ್ವರಿಯನ್ನು ಬದುಕಿಸಬೇಕೆಂದು ಯಾರೂ ಹೊಳೆಯ ಪಾತ್ರದಲ್ಲಿ ದೊಡ್ಡ ಅಣೆಕಟ್ಟು ಕಟ್ಟಲಿಲ್ಲ. ಮೇಲೆ, ಹೊಳೆ ಹುಟ್ಟುವ ಬೆಟ್ಟದ ಮಗ್ಗುಲಲ್ಲಿರುವ ಭಾವತಾ, ಕೋಲ್ಯಾಲಾ ಎಂಬ ಚಿಕ್ಕ ಊರುಗಳವರು ತಮ್ಮ ಕಟ್ಟೆಗಳನ್ನು ಸರಿಮಾಡಿ, ಕಾಡು ಕಡಿಯುವದನ್ನು ನಿಲ್ಲಿಸಿದರು. ಅವರನ್ನು ನೋಡಿ ಕೆಳಗಣ ಊರವರು ಕಟ್ಟಿದರು. ಪ್ರತಿ ಕಟ್ಟೆಯ ವೆಚ್ಚದಲ್ಲಿ ಒಂದು ಪಾಲನ್ನು ಊರವರೇ ದುಡಿಮೆಯಿಂದಲೋ ಹಣದಿಂದಲೋ ಹೊರಬೇಕೆಂಬದು ಸಂಘದ ನಿಯಮವಾಗಿತ್ತು. ಕಟ್ಟೆ ಎಲ್ಲಿ ಬೇಕೆಂಬದನ್ನು ನಿಶ್ಚಯಿಸುವವರೂ ಊರವರೇ. ಹೀಗೆ ಕಣಿವೆಯಲ್ಲಿ ಸುಮಾರು 375 ಕಟ್ಟೆಗಳಾದವು. ಒಂದೊಂದೂ ತನ್ನೂರಿನ ಬಾವಿಗಾಗಿ ಕಟ್ಟಲ್ಪಟ್ಟದ್ದು. ಆದರೆ ನೆಲದೊಳಗೆ ಇಳಿದ ನೀರು ಊರಗಡಿಯನ್ನು ಅರಿಯದು. ಅದೆಲ್ಲಾ ಒಳಗೊಳಗೇ ಕೂಡಿ, ತಗ್ಗಿಗೆ ಜಿನುಗಿ, ದಶಕಗಳಿಂದ ಒಣಗಿದ್ದ ಹೊಳೆಯ ಪಾತ್ರಕ್ಕೆ ಬಂತು. ಮೊದಲು ಕೆಲವು ತಿಂಗಳು ಹರಿಯಿತು. 1995ರ ಹೊತ್ತಿಗೆ ವರ್ಷವೆಲ್ಲಾ ಹರಿಯಿತು. ಯಾರೂ ಹೊಳೆಯನ್ನು ಹುಡುಕಿಕೊಂಡು ಹೋಗಿರಲಿಲ್ಲ. ತಮ್ಮ ತಮ್ಮ ಬಾವಿಯ ಕೆಲಸವನ್ನು ನಂಬಿಗಸ್ತಿಕೆಯಿಂದ ಮಾಡಿದವರೆಲ್ಲರ ಬಳಿಗೆ ಹೊಳೆಯೇ ನಡೆದು ಬಂತು.

ಈ ಕೆಲಸಕ್ಕೆ ವಿರೋಧವೂ ಇತ್ತು. ಸರಿಸ್ಕಾ ಎಂಬ ಹುಲಿಗಳ ರಕ್ಷಿತಾರಣ್ಯದ ಸುತ್ತಲಲ್ಲಿ ಕಲ್ಲಿನ ಗಣಿಗಳು ಬಹಳವಾಗಿದ್ದವು. ಕಟ್ಟೆ ಕಟ್ಟಿದರೂ ಕೆಲವು ಕಡೆ ಬಾವಿಗಳು ತುಂಬಲಿಲ್ಲ, ಯಾಕಂದರೆ ಇಳಿದ ನೀರೆಲ್ಲಾ ಗಣಿಯ ಆಳವಾದ ಕುಳಿಗಳಿಗೆ ಸೇರುತ್ತಿತ್ತು. ಸಂಘದವರು ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಯಿಟ್ಟರು. 1991ರಲ್ಲಿ ನ್ಯಾಯಾಲಯವು ರಕ್ಷಿತಾರಣ್ಯದೊಳಗಿನ ಗಣಿಕೆಲಸವನ್ನು ತಡೆದು ಆಜ್ಞೆ ಮಾಡಿತು. ಲಾಭ ಕಳೆದುಕೊಂಡವರ ಕೋಪವನ್ನು ಅವರು ಸಹಿಸಬೇಕಾಯಿತು. ಗುದ್ದಲಿಯಿಂದ ಮಾಡುವ ಕೆಲಸವೂ ಉಂಟು, ನ್ಯಾಯಸ್ಥಾನದ ಮುಂದೆ ನಿಂತು ಮಾಡುವ ಕೆಲಸವೂ ಉಂಟು. ನೆರೆಯವನನ್ನು ಪ್ರೀತಿಸುವವನು ಎರಡಕ್ಕೂ ಹಿಂಜರಿಯನು.

ನೆರೆಯವನು ಯಾರು ಎಂಬ ಪ್ರಶ್ನೆಗೆ ನಮ್ಮ ಕರ್ತನು ಸಮಾರ್ಯದವನ ಸಾಮ್ಯದಿಂದ ಉತ್ತರ ಕೊಟ್ಟನಲ್ಲವೇ? ಜಲಾನಯನವು ಅದೇ ಉತ್ತರವನ್ನು ಮಣ್ಣಿನಲ್ಲಿ ಬರೆದು ತೋರಿಸುತ್ತದೆ. ನಿನ್ನ ಹೊಲದ ಮೇಲ್ಗಡೆ ಮರ ಕಡಿಯುವವನು ನಿನ್ನ ನೆರೆಯವನು. ನಿನ್ನ ಹೊಲದ ಕೆಳಗಡೆ ನಿನ್ನ ಬಚ್ಚಲ ನೀರನ್ನು ಕುಡಿಯುವವನೂ ನಿನ್ನ ನೆರೆಯವನು. ಅವನ ಜಾತಿಯನ್ನು ನೀನು ಕೇಳದಿರಬಹುದು, ಅವನ ಮುಖವನ್ನು ನೋಡದೆಯೂ ಇರಬಹುದು. ಆದರೂ ನೀವಿಬ್ಬರೂ ಒಂದೇ ಪಾತ್ರೆಯಲ್ಲಿ ಕುಡಿಯುತ್ತೀರಿ.

ಮೂರನೆಯದಾಗಿ, ನೀರು ಬಂದ ಮೇಲೆ ಬರುವ ಪರೀಕ್ಷೆಯನ್ನು ಕುರಿತು ಹೇಳಬೇಕು.

ಕೊರತೆಯಲ್ಲಿ ಕೂಡಿ ದುಡಿದವರು ಸಮೃದ್ಧಿಯಲ್ಲಿ ಜಗಳಾಡುವದನ್ನು ನಾವು ಕಾಣುತ್ತೇವೆ. ತಂದೆಯ ಸಂಗಡ ಬಡತನವನ್ನು ಸಹಿಸಿದ ಅಣ್ಣತಮ್ಮಂದಿರು ಆಸ್ತಿಯಾದ ಮೇಲೆ ಬೇರೆಯಾಗುತ್ತಾರೆ. ಅರ್ವರಿಯಲ್ಲಿಯೂ ಆ ಪರೀಕ್ಷೆ ಬಂತು. ಹೊಳೆಯಲ್ಲಿ ನೀರು ನಿಂತಿತು, ಮೀನು ಬೆಳೆಯಿತು. 1996ರಲ್ಲಿ ಸರ್ಕಾರವು ಮೀನು ಹಿಡಿಯುವ ಹಕ್ಕನ್ನು ಒಬ್ಬ ಗುತ್ತಿಗೆದಾರನಿಗೆ ಕೊಟ್ಟಿತು. ಹೊಳೆ ಒಣಗಿದ್ದಾಗ ಅದನ್ನು ಕೇಳುವವರೇ ಇರಲಿಲ್ಲ, ಅದು ತುಂಬಿದ ಕೂಡಲೆ ಒಡೆಯರು ಹುಟ್ಟಿದರು. ಊರವರು ಎದ್ದುನಿಂತು ವಿರೋಧಿಸಿದರು, ಗುತ್ತಿಗೆಯು ರದ್ದಾಯಿತು.

ಆದರೆ ಅವರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಹೊಳೆಯು ಗುತ್ತಿಗೆದಾರನದಲ್ಲವೆಂದರೆ ಅದು ಯಾರದು? ಬಲವುಳ್ಳವನು ಯಂತ್ರವಿಟ್ಟು ನೀರೆತ್ತಿಕೊಂಡರೆ ಅವನನ್ನು ತಡೆಯುವವರು ಯಾರು? ಹೊರಗಿನವನ ದುರಾಸೆಯನ್ನು ಗುರುತಿಸುವದು ಸುಲಭ. ಒಳಗಿನವನ ದುರಾಸೆಗೆ ಬೇಲಿ ಹಾಕುವದು ಕಷ್ಟ. ಆದಕಾರಣ ಕಣಿವೆಯ 70 ಊರುಗಳವರು ಕೂಡಿ, 1999ನೇ ಇಸವಿ ಜನವರಿ 26ರಂದು ಹಮೀರಪುರವೆಂಬ ಊರಿನಲ್ಲಿ ಅರ್ವರಿ ಸಂಸತ್ತು ಎಂಬ ಸಭೆಯನ್ನು ಸ್ಥಾಪಿಸಿದರು. ಹೆಚ್ಚು ನೀರು ಕುಡಿಯುವ ಕಬ್ಬು, ಭತ್ತಗಳಂಥಾ ಬೆಳೆಗಳಿಗೆ ಹೊಳೆಯ ನೀರನ್ನು ಎತ್ತಬಾರದು. ಹೋಳಿ ಹಬ್ಬವಾದ ಮೇಲೆ ಬೇಸಗೆಯಲ್ಲಿ ಹೊಳೆಯಿಂದ ನೇರವಾಗಿ ನೀರೆತ್ತುವದಕ್ಕೆ ಮಿತಿಯಿರಬೇಕು. ಮೀನುಗಳಿಗೂ ಕಾಡಿಗೂ ಕಾಡುಮೃಗಗಳಿಗೂ ರಕ್ಷಣೆಯಿರಬೇಕು ಎಂಬಂಥಾ ಕಟ್ಟಳೆಗಳನ್ನು ಮಾಡಿಕೊಂಡರು. ಆ ಸಂಸತ್ತಿಗೆ ಪೊಲೀಸರಿಲ್ಲ, ಸೆರೆಮನೆಯಿಲ್ಲ. ಅಲ್ಲಿ ಕೂತವರಿಗೆ ಇರುವದು ಒಬ್ಬರಿಗೊಬ್ಬರ ಮುಖವೂ ಆಡಿದ ಮಾತೂ ಮಾತ್ರ.

ಆ ನಿಯಮಗಳಲ್ಲಿ ಮೀನಿಗೂ ಮೃಗಕ್ಕೂ ಪಾಲಿಟ್ಟದ್ದನ್ನು ಗಮನಿಸಿರಿ. ಎಲೀಷನ ಮಾತಿನಲ್ಲಿಯೂ ಪಶುಗಳು ಮರೆತುಹೋಗಲಿಲ್ಲ. ದೇವರ ವರವು ಬಂದಾಗ ಬಾಯಿಲ್ಲದ ಪ್ರಾಣಿಗಳನ್ನು ಎಣಿಕೆಯಲ್ಲಿ ಸೇರಿಸುವದು ದೈವಭಕ್ತಿಯ ಲಕ್ಷಣವಾಗಿದೆ.

ಇನ್ನೊಂದು ಸತ್ಯವನ್ನು ಮುಚ್ಚಿಡಬಾರದು. ಕಟ್ಟೆಗಳು ಮಳೆಯನ್ನು ಹುಟ್ಟಿಸಲಾರವು. ಬಿದ್ದದ್ದನ್ನು ಹಿಡಿಯಬಲ್ಲವು, ಅಷ್ಟೇ. ಮಳೆ ತಪ್ಪಿದ ವರ್ಷಗಳಲ್ಲಿ ಅಲ್ಲಿಯೂ ಹೊಳೆ ಸೊರಗಿತು. ಇದಲ್ಲದೆ ಮೇಲಿನವನು ಹಿಡಿದಷ್ಟು ನೀರು ಕೆಳಗಿನವನಿಗೆ ಕಡಿಮೆಯಾಗುವದೂ ಉಂಟು. ಹಿಡಿದ ನೀರನ್ನೆಲ್ಲಾ ಬೆಳೆಗೇ ಎತ್ತಿಬಿಟ್ಟರೆ ಹೊಳೆಗೆ ಏನೂ ಉಳಿಯದು. ಆದದರಿಂದ ಕಟ್ಟುವದು ಅರ್ಧ ಧರ್ಮ. ಮಿತವಾಗಿ ಬಳಸುವದು ಉಳಿದರ್ಧ. ಅರಣ್ಯದಲ್ಲಿ ಮನ್ನವನ್ನು ಆಯಾ ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕೆಂದು ದೇವರು ಇಸ್ರಾಯೇಲ್ಯರಿಗೆ ಕಲಿಸಿದನು. ಹೆಚ್ಚಾಗಿ ಬಚ್ಚಿಟ್ಟದ್ದು ಹುಳ ಬಿದ್ದು ನಾರಿತು. ನೀರಿನ ವಿಷಯದಲ್ಲಿಯೂ ಪಾಠ ಅದೇ.

ಹಾಗಾದರೆ ಈ ಕೆಲಸದ ಹಿಂದೆ ಇದ್ದವರು ಯಾರು? ಲೋಕವು ರಾಜೇಂದ್ರ ಸಿಂಗರ ಹೆಸರನ್ನು ಬಲ್ಲದು. 2001ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ 2015ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿಯೂ ದೊರಕಿದವು. ಆ ಎರಡನೆಯ ಪ್ರಶಸ್ತಿಯನ್ನು ಕೊಟ್ಟವರು, ಅವರೂ ಅವರ ಜೊತೆಗಾರರೂ 8,600 ಕಟ್ಟೆಗಳನ್ನೂ ಅಂಥಾ ಬೇರೆ ರಚನೆಗಳನ್ನೂ ಕಟ್ಟಿ 1,000 ಹಳ್ಳಿಗಳಿಗೆ ನೀರನ್ನು ಮರಳಿ ತಂದರೆಂದು ಎಣಿಸಿದರು. ಆ ಮಾನವು ಸಲ್ಲತಕ್ಕದ್ದೇ. ಆದರೆ 2000ನೇ ಇಸವಿ ಮಾರ್ಚಿಯಲ್ಲಿ ಭಾರತದ ರಾಷ್ಟ್ರಪತಿಯಾಗಿದ್ದ ಕೆ. ಆರ್. ನಾರಾಯಣನ್ ಅವರು ಆ ಬರಡು ಸೀಮೆಗೆ ತಾವೇ ಹೋಗಿ ಪ್ರಶಸ್ತಿಯನ್ನು ಕೊಟ್ಟದ್ದು ಯಾರಿಗೆ? ಹೊಳೆಯ ತಲೆಯಲ್ಲಿ ಕಟ್ಟೆ ಕಟ್ಟಿದ ಭಾವತಾ, ಕೋಲ್ಯಾಲಾ ಊರವರಿಗೆ. ಅರಮನೆಯಂಥಾ ಭವನಕ್ಕೆ ಅವರನ್ನು ಕರಿಸಿಕೊಳ್ಳದೆ, ಅವರ ಮಣ್ಣಿನ ಬಳಿಗೆ ದೇಶದ ಪ್ರಥಮ ಪ್ರಜೆಯೇ ನಡೆದು ಬಂದರು. ಬಾವಿಯ ನೀರು ಹೇಗೋ ಮಾನವೂ ಹಾಗೆ: ಬೆನ್ನಟ್ಟಿದವನಿಗೆ ಸಿಕ್ಕದು, ತಗ್ಗಿದವನ ಕಡೆಗೆ ಹರಿಯುತ್ತದೆ. ಪುಟ್ಟಿ ಹೊತ್ತ ಸ್ತ್ರೀಯರ ಹೆಸರುಗಳು ಯಾವ ಪತ್ರದಲ್ಲಿಯೂ ಅಚ್ಚಾಗಲಿಲ್ಲ. ಎಲೀಷನ ಕಣಿವೆಯಲ್ಲಿ ತಗ್ಗು ತೋಡಿದವರ ಹೆಸರುಗಳೂ ಗ್ರಂಥದಲ್ಲಿ ಇಲ್ಲ. ಮೂವರು ಅರಸರನ್ನು ಹೇಳಿ, ಗುದ್ದಲಿ ಹಿಡಿದವರನ್ನು ಹೇಳದೆ ಬಿಟ್ಟಿದೆ. ದೇವರ ಲೆಕ್ಕದಲ್ಲಿ ಅವರು ಬಿಟ್ಟುಹೋಗಿಲ್ಲವೆಂದು ನಂಬುತ್ತೇವೆ.

ಪ್ರಿಯರೇ, ಇದನ್ನು ಕೇಳಿ ಸಂತೋಷಪಟ್ಟು ಎದ್ದುಹೋದರೆ ಪ್ರಯೋಜನವೇನು? ನಮ್ಮ ಊರುಗಳಲ್ಲಿಯೂ ಪೂರ್ವಿಕರು ಕಟ್ಟಿದ ಕೆರೆಗಳುಂಟು. ಅವುಗಳಿಗೆ ಏರಿಯುಂಟು, ತೂಬುಂಟು, ಕೋಡಿಯುಂಟು. ಆದರೆ ಎಷ್ಟು ಕೆರೆಗಳಲ್ಲಿ ಹೂಳು ತುಂಬಿದೆ? ನೀರು ಬರುವ ಕಾಲುವೆಯ ಮೇಲೆ ಯಾರ ಹೊಲ ಹಬ್ಬಿದೆ? ಯಾರ ಬೇಲಿ ಮುಂದಕ್ಕೆ ಸರಿದಿದೆ? ಅದು ನನ್ನ ಹೊಲವೋ, ನನ್ನ ಬೇಲಿಯೋ ಎಂದು ಒಬ್ಬೊಬ್ಬನು ತನ್ನನ್ನೇ ಕೇಳಿಕೊಳ್ಳಲಿ. ಕೆರೆಯನ್ನು ಬಿಟ್ಟು ನಾವು ಕೊಳವೆಬಾವಿಗಳನ್ನು ನೂರಾರು ಅಡಿ ಇಳಿಸಿದೆವು. ಅಣ್ಣನು ಮುನ್ನೂರು ಅಡಿ ಕೊರೆದರೆ ತಮ್ಮನು ಐನೂರು ಅಡಿ ಕೊರೆದನು. ಇಬ್ಬರ ಮೇಲೂ ಸಾಲ ಬಿತ್ತು, ಇಬ್ಬರ ಬಾವಿಯೂ ಬತ್ತಿತು. ತೆಗೆಯುವವರು ಎಲ್ಲರೂ ಇದ್ದು ತುಂಬುವವನು ಒಬ್ಬನೂ ಇಲ್ಲದಿದ್ದರೆ ಯಾವ ಕಣಜ ಉಳಿದೀತು?

ಮಾಡತಕ್ಕದ್ದು ದೊಡ್ಡದಲ್ಲ. ಮಳೆಗಾಲಕ್ಕೆ ಮುಂಚೆ ಸಭೆಯವರು ಒಂದು ದಿನವನ್ನು ಗೊತ್ತುಮಾಡಿ, ಊರ ಮಿಕ್ಕವರೊಂದಿಗೆ ಸೇರಿ, ಕೆರೆಗೆ ನೀರು ಬರುವ ದಾರಿಯನ್ನು ಬಿಡಿಸಿರಿ. ಸರ್ಕಾರದ ಅಪ್ಪಣೆ ಬೇಕಾದಲ್ಲಿ ಪಂಚಾಯತಿಗೆ ಹೋಗಿ ಕೇಳಿರಿ. ಹೊಲದ ಬದುಗಳನ್ನು ಗಟ್ಟಿಮಾಡಿರಿ. ಗುಡ್ಡದ ಮರವನ್ನು ಕಡಿಯುವದಕ್ಕೆ ಮುಂಚೆ ಅದರ ಕೆಳಗೆ ಬಾವಿಯಿರುವವನ ಮಕ್ಕಳನ್ನು ನೆನಸಿರಿ. ನೀರಿನ ಪಾಳಿಯಲ್ಲಿ ಬಡವನ ಸರದಿ ತಪ್ಪದ ಹಾಗೆ ನೋಡಿರಿ. ಯಾವ ಹಿರಿಯನಾದರೂ, ಅವನು ಯಾವ ಜಾತಿಯವನಾದರೂ, ನೀರಿನ ದಾರಿಯನ್ನು ಬಲ್ಲವನಾಗಿದ್ದರೆ ಅವನ ಬಳಿಯಲ್ಲಿ ಕೂತು ಕೇಳಿರಿ. ಒಂದು ವರ್ಷ ತೋಡಿ ಬಿಟ್ಟರೆ ಸಾಲದು. ಹೂಳು ವರ್ಷ ವರ್ಷ ಬರುತ್ತದೆ. ಹೃದಯದಲ್ಲಿ ಕಸ ತುಂಬದ ಹಾಗೆ ದಿನದಿನವೂ ಪ್ರಾರ್ಥಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಕೆಲವರು ಹೇಳುವರು: ಮಳೆ ಕೊಡುವವನು ದೇವರು, ನಾವು ಪ್ರಾರ್ಥಿಸಿದರೆ ಸಾಕು. ಹೌದು, ಕೊಡುವವನು ಆತನೇ. ನೀತಿವಂತನ ಹೊಲ, ಅನೀತಿವಂತನ ಹೊಲವೆಂದು ಭೇದಮಾಡದೆ ಕೊಡುವವನೂ ಆತನೇ. ಆದರೆ ಆ ಮೂವರು ಅರಸರು ರಾತ್ರಿಯೆಲ್ಲಾ ಪ್ರಾರ್ಥಿಸಿ ತಗ್ಗುಗಳನ್ನು ತೋಡದೆ ಇದ್ದಿದ್ದರೆ, ಬೆಳಿಗ್ಗೆ ಎದೋಮಿನಿಂದ ಬಂದ ನೀರು ಅವರ ಕಣ್ಣೆದುರಿನಲ್ಲಿಯೇ ಹರಿದುಹೋಗುತ್ತಿತ್ತು. ತಗ್ಗು ತೋಡುವದು ಪ್ರಾರ್ಥನೆಗೆ ವಿರೋಧವಲ್ಲ; ಅದು ಕೈಗಳಿಂದ ಮಾಡುವ ಪ್ರಾರ್ಥನೆ. ನಿನ್ನ ವಾಗ್ದಾನವನ್ನು ನಂಬಿದ್ದೇನೆ ಎಂದು ಮಣ್ಣಿನ ಮೇಲೆ ಬರೆಯುವ ಅಕ್ಷರ ಅದು.

ಕೃಪಾಳುವಾದ ದೇವರೇ, ಬೆಟ್ಟಗಳ ಮೇಲೆ ಮಳೆ ಸುರಿಸುವವನೂ ಕಣಿವೆಗಳಲ್ಲಿ ಒರತೆಗಳನ್ನು ಹೊರಡಿಸುವವನೂ ನೀನೇ. ನಾವು ಮುಚ್ಚಿದ ಒರತೆಗಳನ್ನು ನಮಗೆ ತೋರಿಸು. ನಮ್ಮ ಮೇಲ್ಗಡೆಯವನನ್ನೂ ಕೆಳಗಡೆಯವನನ್ನೂ ನೆರೆಯವನೆಂದು ತಿಳಿಯುವ ಮನಸ್ಸನ್ನು ಕೊಡು. ಮುಗಿಲು ಬರಿದಾಗಿರುವಾಗ ಗುದ್ದಲಿ ಹಿಡಿಯುವ ನಂಬಿಕೆಯನ್ನೂ, ಕೆರೆ ತುಂಬಿದಾಗ ಹಂಚಿಕೊಳ್ಳುವ ನೀತಿಯನ್ನೂ ದಯಪಾಲಿಸು. ನಮ್ಮ ಮಕ್ಕಳು ಕುಡಿಯುವ ನೀರಿನಲ್ಲಿ ನಮ್ಮ ಉದಾಸೀನದ ಕಹಿ ಇರದಂತೆ ಮಾಡು. ಆಮೆನ್.